ಸಹಿ ಹಾಕದ ಒಂದು ವರ್ಷ

ಆಗಲು ಸಾಧ್ಯವೇ ಇಲ್ಲ ಎಂದವರು ವರದರಾಜನ್. ಚೆನ್ನೈ ನಗರದ ಒಂದು ಭಾಗಕ್ಕೆ ಕುಡಿಯುವ ನೀರು ಕಳಿಸುವ ಕಂಟ್ರೋಲ್ ರೂಮಿನ ಚೀಫ್ ಇಂಜಿನಿಯರ್ ಅವರು. "ಹೊರಗಿನ ನೆಟ್‌ವರ್ಕ್‌ಗೂ ನಮಗೂ ನಡುವೆ ಒಂದೇ ಒಂದು ವೈರ್ ಇಲ್ಲಮ್ಮಾ. ಯಾವನು ಹೇಗೆ ಒಳಗೆ ಬರ್ತಾನೆ? ಪೈಪಲ್ಲಿ ಈಜ್ಕೊಂಡು ಬರ್ತಾನಾ?" ಎಂದು ಅವರು ತಮಿಳಿನಲ್ಲಿ ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಆಗುವುದಿಲ್ಲ ಎಂಬ ಮಾತು ನನಗೆ ಹೊಸದಾಗಿರಲಿಲ್ಲ. ನನ್ನ ತಂದೆ ಚಾಮರಾಜನಗರದ ಕಡೆಯಿಂದ ಬಂದು ರಾಯಪುರಂ ರೈಲ್ವೆ ಯಾರ್ಡಿನಲ್ಲಿ ಖಲಾಸಿಯಾಗಿದ್ದವರು. ತಾಯಿ ಇಂದಿಗೂ ಹೆಬ್ಬೆಟ್ಟು ಒತ್ತುವವರು. ನಾನು ಇಂಜಿನಿಯರಿಂಗ್ ಸೇರುತ್ತೇನೆ ಎಂದಾಗ ಸೋದರಮಾವ, "ಖಲಾಸಿ ಮಗಳು ಇಂಜಿನಿಯರಾ? ಆದಂಗೆ ಬುಡು" ಎಂದಿದ್ದರು. ಆದೆ. ಅಪ್ಪ, ಅವ್ವನ ಎರಡೂ ಮನೆತನಗಳಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಲಾಕ್‌ಡೌನ್ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಸೈಬರ್ ಸುರಕ್ಷತೆಯ ಆಡಿಟರ್. ಆ ಕಂಟ್ರೋಲ್ ರೂಮನ್ನು ಖಾಸಗಿ ಗುತ್ತಿಗೆ ಕಂಪನಿಯೊಂದು ನಡೆಸುತ್ತಿತ್ತು. ಅಲ್ಲಿ ಇದ್ದದ್ದು ಸ್ಕಾಡಾ ವ್ಯವಸ್ಥೆ. ಅಂದರೆ, ಎಲ್ಲೋ ದೂರದ ಪಂಪು, ವಾಲ್ವುಗಳನ್ನು, ನೀರಿಗೆ ಬೆರೆಸುವ ಕ್ಲೋರಿನ್ ಪ್ರಮಾಣವನ್ನು ಒಂದು ಪರದೆಯ ಮುಂದೆ ಕೂತು ನಡೆಸುವ ಏರ್ಪಾಡು. ಕೆರೆಗಳು ಒಣಗಿ ನಗರಕ್ಕೆ ರೈಲಿನಲ್ಲಿ ನೀರು ತಂದ ಬೇಸಿಗೆಯನ್ನು ನಾವು ಯಾರೂ ಮರೆತಿಲ್ಲ. ಅಂಥ ಸ್ಥಿತಿ ಮತ್ತೆ ಬಂದರೆ ಒಂದು ಕಡೆಯ ನೀರನ್ನು ಇನ್ನೊಂದು ಕಡೆಗೆ ತಕ್ಷಣ ತಿರುಗಿಸಬೇಕು. ಅದಕ್ಕಾಗಿ ಈ ಕೋಣೆಯನ್ನು ಬೇರೆ ಕೋಣೆಗಳ ಜೊತೆ ಜೋಡಿಸುವ ಯೋಜನೆ ಸಿದ್ಧವಾಗಿತ್ತು. ಯೋಚನೆ ಸರಿಯಾದದ್ದೇ. ಆದರೆ ಬಾಗಿಲುಗಳನ್ನೆಲ್ಲ ಒಂದು ಮಾಡಿದಾಗ ಕಳ್ಳನಿಗೂ ಒಂದೇ ಬೀಗ ಸಾಕು. ಒಳಗೆ ಯಾರೂ ಹೊಕ್ಕಿಲ್ಲ ಎಂದು ನಾನು ಸರ್ಟಿಫಿಕೇಟ್‌ಗೆ ಸಹಿ ಹಾಕಿದರೆ ಜೋಡಣೆ ಆಗುತ್ತಿತ್ತು.

ನಾನು ಸಹಿ ಹಾಕಲಿಲ್ಲ. ಎರಡು ಕಾರಣಗಳಿದ್ದವು. ಮೂಲೆಯಲ್ಲಿ ಪಂಪ್ ಸರಬರಾಜು ಮಾಡಿದವರ ಒಂದು ಬೂದು ಪ್ಯಾನೆಲ್ ಇತ್ತು. ಅದರ ಕೀಲಿ ಅವರ ಬಳಿಯೇ ಇತ್ತು, ಒಳಗೇನಿದೆ ಎಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು, ಹಿರಿಯ ಆಪರೇಟರ್ ಮುರುಗೇಶನ್ ಅಣ್ಣನ ಪಾಸ್‌ವರ್ಡ್ ಅವರ ಮನೆದೇವರ ಹೆಸರು, ಮತ್ತು ಅದನ್ನು ಎಲ್ಲ ಆಪರೇಟರುಗಳೂ ಬಳಸುತ್ತಿದ್ದರು. "ಅಣ್ಣನ ಹೆಸರಲ್ಲಿ ಒಳಗೆ ಹೋದ್ರೆ ಕೆಲ್ಸ ಕೆಡಲ್ಲ ಮೇಡಂ," ಎಂದು ಒಬ್ಬ ಭಕ್ತಿಯಿಂದಲೇ ಹೇಳಿದ. ಹೀಗಿದ್ದರೆ ಹೊರಗಿನವನ ಕೈಯನ್ನು ಒಳಗಿನವರ ಕೈಯಿಂದ ಬೇರ್ಪಡಿಸುವುದು ಹೇಗೆ? ಸಂತೆಯೊಳಗೆ ಒಬ್ಬನ ಕೆಮ್ಮನ್ನು ಗುರುತಿಸಿದ ಹಾಗೆ.

ನನಗೆ ಒಂದು ಮೌನದ ದಿನ ಬೇಕಾಗಿತ್ತು. ಆಗ ಗೊತ್ತಾಯಿತು, ಅವರಲ್ಲಿ ಅಂಥ ದಿನ ಒಂದಿದೆ. ಆಯುಧಪೂಜೆಯ ಮಧ್ಯಾಹ್ನ ಕೀಬೋರ್ಡುಗಳಿಗೆ ಅರಿಶಿನ, ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಬಟ್ಟೆ ಮುಚ್ಚಿದರೆ ಮರುದಿನ ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವುದಿಲ್ಲ. ನೀರು ನಿಲ್ಲಬಾರದಲ್ಲ, ಆದ್ದರಿಂದ ಅಷ್ಟು ಹೊತ್ತು ಪಂಪ್‌ಹೌಸುಗಳಲ್ಲಿ ಸ್ವಿಚ್ಚನ್ನು 'ಲೋಕಲ್'ಗೆ ತಿರುಗಿಸಿ ಕೈಯಲ್ಲೇ ನಡೆಸುತ್ತಾರೆ. ಆ ಹೊತ್ತಿನಲ್ಲಿ ಪರದೆಯಿಂದ ಯಾವುದಾದರೂ ಆಜ್ಞೆ ಹೊರಟರೆ ಅದು ನಮ್ಮವರದಲ್ಲ.

"ಪೂಜೆ ತನಕ ಕಾಯ್ತೀನಿ ಸಾರ್, ಆಮೇಲೆ ಸಹಿ," ಎಂದೆ.

"ಒಳ್ಳೆ ಕಥೆ. ವಡಪಳನಿಗೆ ಹೋಗಿ ಯಾವುದಾದ್ರೂ ಸ್ಟುಡಿಯೋದಲ್ಲಿ ಹೇಳಮ್ಮಾ, ಪಿಕ್ಚರ್ ತೆಗೀತಾರೆ," ಎಂದರು ವರದರಾಜನ್. ನನ್ನ ಮ್ಯಾನೇಜರಿಗೂ ಫೋನ್ ಮಾಡಿದರು. ಮ್ಯಾನೇಜರ್ ನನಗೆ ಫೋನ್ ಮಾಡಿ, ಪೂಜೆಯ ಮರುದಿನ ಸಹಿ ಬರದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು. ದನಿ ಎತ್ತರಿಸದೆ ಹೇಳಿದ್ದರಿಂದ ನಿಜವಾಗಿಯೂ ಹೇಳುತ್ತಿದ್ದಾರೆ ಎಂದು ತಿಳಿಯಿತು.

ಪೂಜೆಯ ದಿನ ನಾನೂ ರೇಷ್ಮೆ ಸೀರೆ ಉಟ್ಟು ಹೋದೆ, ಲ್ಯಾಪ್‌ಟಾಪ್ ಜೊತೆ. ಅದಕ್ಕೂ ಒಬ್ಬರು ಕುಂಕುಮ ಇಡಲು ಬಂದರು. ಇಡಿಸಿಕೊಂಡೆ, ಆದರೆ ಮುಚ್ಚಲಿಲ್ಲ. ಬೂದು ಪ್ಯಾನೆಲ್ಲಿನ ಬಾಗಿಲ ಮೇಲೆ ಹಿಂದಿನ ವರ್ಷಗಳ ಕುಂಕುಮದ ಕಲೆಯ ಮೇಲೆಯೇ ಹೊಸದು ಬಿತ್ತು. ವರದರಾಜನ್ ಮಂಗಳಾರತಿ ಎತ್ತಿದರು. ಎಲ್ಲರ ಕೈಗೂ ಪುರಿ, ಕಡಲೆ, ಬೆಲ್ಲದ ಪೊಟ್ಟಣ ಬಂತು.

ಯಂತ್ರಗಳು ತಮ್ಮತಮ್ಮಲ್ಲೇ ಕ್ಷೇಮ ವಿಚಾರಿಸಿಕೊಳ್ಳುವ ಸದ್ದು ನೆಟ್‌ವರ್ಕಿನಲ್ಲಿ ಯಾವಾಗಲೂ ಇರುತ್ತದೆ. ಅದಕ್ಕೆ ಗಡಿಯಾರದಂಥ ಲಯ. ನಾನು ಅದನ್ನೇ ನೋಡುತ್ತ ಕೂತಿದ್ದೆ. ಊಟ ಮುಗಿದು ಜನ ಹರಟೆಗೆ ಕೂತಾಗ ಲಯ ತಪ್ಪಿತು. ದೊಡ್ಡ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು: ಮುರುಗೇಶನ್ ಲಾಗಿನ್ ಆಗಿದ್ದಾರೆ.

ಮುರುಗೇಶನ್ ಅಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು. ಎಲ್ಲರೂ ಅವರತ್ತ ತಿರುಗಿದರು. "ನಾನಲ್ಲ ಮೇಡಂ," ಎಂದು ಎರಡೂ ಕೈ ಎತ್ತಿ ತೋರಿಸಿದರು. ಬೊಗಸೆಯ ಪುರಿಯೆಲ್ಲ ನೆಲಕ್ಕೆ ಚೆಲ್ಲಿತು.

ಪರದೆಯಲ್ಲಿ ಕ್ಲೋರಿನ್ ಪ್ರಮಾಣದ ಅಂಕಿ ಏರತೊಡಗಿತು. ಸ್ವಲ್ಪ, ಇನ್ನೂ ಸ್ವಲ್ಪ. ಅವಸರವಿಲ್ಲದ ಕೈ. ವರದರಾಜನ್ ಪಂಪ್‌ಹೌಸಿಗೆ ಫೋನ್ ಹಚ್ಚಿದರು.

"ಕ್ಲೋರಿನ್ ಡೋಸಿಂಗ್ ಏನಾಗಿದೆ, ನೋಡು."

"ಏನೂ ಆಗಿಲ್ಲ ಸಾರ್. ಲೋಕಲಲ್ಲಿದೆ, ವಾಲ್ವು ನಮ್ ಕೈಯಲ್ಲೇ ಇದೆ. ಪುರಿ ಇನ್ನೂ ಬಂದಿಲ್ಲ ಸಾರ್ ನಮಗೆ."

ಯಾರೂ ನಗಲಿಲ್ಲ. ಬೇರೆ ಯಾವ ದಿನವಾಗಿದ್ದರೂ ಆ ಅಂಕಿ ಲಕ್ಷಾಂತರ ಮನೆಗಳ ನಲ್ಲಿಯಲ್ಲಿ ಬರುತ್ತಿತ್ತು. ಅಂದು ಅದು ಬರೀ ಪರದೆಯ ಮೇಲೆ ಉಳಿಯಿತು.

"ಸಾರ್, ಆ ಪ್ಯಾನೆಲ್ ತೆಗೀಬೇಕು. ಈಗಲೇ," ಎಂದೆ.

"ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರದು ಮೇಡಂ," ಎಂದರು ಮುರುಗೇಶನ್ ಅಣ್ಣ. ಹಟದಿಂದಲ್ಲ, ನೋವಿನಿಂದ.

ವರದರಾಜನ್ ಪ್ಯಾನೆಲ್ಲಿನ ಹತ್ತಿರ ಬಂದರು. ಪ್ಯಾನೆಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಪೂಜೆಯ ಮಣೆಯ ಮೇಲಿಂದ, ಕುಂಕುಮ ಹಚ್ಚಿದ್ದ ಸುತ್ತಿಗೆಯನ್ನೇ ಎತ್ತಿಕೊಂಡರು. "ಆಯುಧ ಮತ್ತೆ ಇರೋದು ಯಾತಕ್ಕಪ್ಪಾ," ಎಂದು ಬೀಗಕ್ಕೆ ಹೊಡೆದರು.

ಒಳಗೆ ಅಂಗೈಯಗಲದ ಒಂದು ಮೋಡೆಮ್ ಇತ್ತು, ಸಿಮ್ ಕಾರ್ಡ್ ಹಾಕಿದ್ದು. ಲಾಕ್‌ಡೌನಿನಲ್ಲಿ ಪಂಪ್ ಕಂಪನಿಯವರು ಪದೇ ಪದೇ ಬರಲಾಗದೆ, ದೂರದಿಂದಲೇ ರಿಪೇರಿ ಮಾಡಲು ಒಮ್ಮೆ ಬಂದು ಇಟ್ಟುಹೋಗಿದ್ದು. ತೆಗೆಯಲು ಯಾರೂ ನೆನಪಿಸಿಕೊಂಡಿರಲಿಲ್ಲ. ಚೀಫ್ ಹೇಳಿದ್ದು ನಿಜವೇ ಆಗಿತ್ತು, ಒಂದೇ ಒಂದು ವೈರ್ ಇರಲಿಲ್ಲ. ಹಸಿರು ದೀಪ ಮಿನುಗುತ್ತಿತ್ತು. ಒಳಗಿನ ಸಾಕ್ಷ್ಯ ಅಳಿಯಬಾರದೆಂದು ಕರೆಂಟ್ ತೆಗೆಯದೆ ಆಂಟೆನಾ ಮಾತ್ರ ಬಿಚ್ಚಿದೆ. ಪರದೆಯ ಮೇಲಿನ ಅಂಕಿ ನಿಂತಿತು.

ಆ ಮೋಡೆಮ್ಮನ್ನು ಕೇಂದ್ರ ಸರ್ಕಾರದವರು ಬಂದು ಒಯ್ದರು. ಆ ಕೈ ಯಾವ ದೇಶದ್ದು, ಯಾರ ಸಂಬಳದ್ದು ಎಂದು ನನಗೆ ಯಾರೂ ಹೇಳಲಿಲ್ಲ. ಇಷ್ಟು ಮಾತ್ರ ಹೇಳಿದರು: ಅವನು ಬಹಳ ದಿನದಿಂದ ಒಳಗಿದ್ದ; ಹಬ್ಬದ ದಿನ ಯಾರೂ ನೋಡುವುದಿಲ್ಲ ಎಂದು ಕೈ ಪಳಗಿಸಿಕೊಳ್ಳುತ್ತಿದ್ದ. ನಮ್ಮಲ್ಲಿ ಚುನಾವಣೆ ಬರುತ್ತದೆ, ಸರ್ಕಾರ ಬದಲಾಗುತ್ತದೆ, ಗುತ್ತಿಗೆ ಮುಗಿಯುತ್ತದೆ, ಆಡಿಟರ್ ಬದಲಾಗುತ್ತಾಳೆ. ಅವನು ಬದಲಾಗುವುದಿಲ್ಲ, ಕಾಯುತ್ತಾನೆ. ದೇಶದ ಭದ್ರತೆ ಎಂದರೆ ನಾವು ಗಡಿಯ ಕಡೆ ನೋಡುತ್ತೇವೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ಮತ ಹಾಕುವ ಜನ ನಲ್ಲಿಯ ನೀರನ್ನು ನಂಬದ ದಿನ, ಗುಂಡು ಹಾರಿಸದೆಯೇ ಅವನು ಗೆದ್ದಿರುತ್ತಾನೆ. ಯಂತ್ರ ಎಷ್ಟೇ ಬೆಳೆಯಲಿ, ಅದನ್ನು ನಿಲ್ಲಿಸಿ ಕೈಯಿಂದ ನಡೆಸುವ ಅಭ್ಯಾಸ ಬಿಡಬಾರದು. ಗೊತ್ತಿಲ್ಲದ್ದಕ್ಕೆ ಸಹಿ ಹಾಕಬಾರದು.

ಮ್ಯಾನೇಜರ್ ಮತ್ತೆ ನನ್ನ ಜಾಗದ ಮಾತೆತ್ತಲಿಲ್ಲ. ಪ್ರತಿಯೊಬ್ಬ ಆಪರೇಟರಿಗೂ ಅವರದೇ ಪಾಸ್‌ವರ್ಡ್ ಆಯಿತು, ಪ್ಯಾನೆಲ್ಲುಗಳ ಕೀಲಿ ಇಲ್ಲಿಯೇ ಉಳಿಯಿತು, ತಿಂಗಳಿಗೊಮ್ಮೆ ಕೀಬೋರ್ಡ್ ಮುಚ್ಚಿ ಎಲ್ಲವನ್ನೂ ಕೈಯಲ್ಲಿ ನಡೆಸುವ ಪದ್ಧತಿ ಬಂತು. ಎಲ್ಲ ಒಂದೊಂದಾಗಿ ನೋಡಿ, ಮುಂದಿನ ಆಯುಧಪೂಜೆಗೆ ಸಹಿ ಹಾಕಿದ ಸರ್ಟಿಫಿಕೇಟ್ ತೆಗೆದುಕೊಂಡು ಹೋದೆ. ಮನೆಯವರನ್ನೂ ಕರೆಯುವ ರೂಢಿ ಅಲ್ಲಿತ್ತು, ಅವ್ವನನ್ನೂ ಕರೆದೊಯ್ದೆ. ವರದರಾಜನ್ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸುತ್ತಿಗೆಯ ಪಕ್ಕದಲ್ಲಿಟ್ಟರು. "ಒಂದು ಸಹಿಗೆ ಒಂದು ವರ್ಷ ಕಾಯಿಸಿದ್ಲಮ್ಮಾ ನಿಮ್ಮ ಮಗಳು," ಎಂದು ಅವ್ವನಿಗೆ ದೂರು ಹೇಳಿದರು.

ರಾಯಪುರಂನಲ್ಲಿ ಬಾಳಿದ ಅವ್ವನಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೆ ಉತ್ತರ ಕೊಟ್ಟಿದ್ದು ನನಗೆ, ಪುರಿ ಅಗಿಯುತ್ತ, ನಮ್ಮ ಮಾತಿನಲ್ಲಿ.

"ಸೈನ್ ಹಾಕಾದ ಕಲೀಲಿ ಅಂತ ನಿನ್ನ ಇಸ್ಕೂಲ್ಗೆ ಕಳಿಸ್ದೆ ಕನವ್ವ. ಹಾಕ್ದೆ ಇರಾದ್ನೂ ಕಲ್ತುಬುಟ್ಟಿದ್ದೀಯ."