ಎರಡೂ ಕೈಯಲ್ಲಿ ಚಹಾ

ಐದನೆಯದು ನಡುಬೆರಳಿನ ಎರಡನೆಯ ಗೆಣ್ಣು. ಹೆಬ್ಬೆರಳು ಅಲ್ಲಿಗೆ ಬಂದ ಕೂಡಲೇ ನಾನು "ಹ್ಞಾಂ" ಅನ್ನುತ್ತಿದ್ದೆ, ಗಿಟಾರಿನ ಕಾರ್ಡ್ ಬದಲಾದದ್ದು ಕೇಳಿಸಿತು ಎಂಬಂತೆ. ಕೇಳಿಸಿರುತ್ತಿರಲಿಲ್ಲ.

ಸವಣೂರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಚಾಚಾ ಭಾನುವಾರಗಳಂದು ನನಗೆ ಗಿಟಾರ್ ಕಲಿಸುತ್ತಿದ್ದರು. ಹರೆಯದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವರು. ಅಮೆರಿಕದ ಬ್ಲೂಸ್ ಸಂಗೀತ ಎಂದರೆ ಪ್ರಾಣ. ನಾನು ಶಿಗ್ಗಾಂವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಗಿಟಾರಿನ ವಿಷಯ ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಪಾಠದ ಮೊದಲು ಒಂದು ಪರೀಕ್ಷೆ. ಅವರು ನುಡಿಸಬೇಕು, ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಬದಲಾದಾಗ ನಾನು ಹ್ಞಾಂ ಅನ್ನಬೇಕು. ಬ್ಲೂಸಿನ ಒಂದು ಸುತ್ತಿಗೆ ಹನ್ನೆರಡು ಮನೆ, ಮನೆಗೆ ನಾಲ್ಕು ಏಟು. ಐದನೆಯ ಮನೆಯಲ್ಲಿ ಕಾರ್ಡ್ ಬದಲಾಗುತ್ತದೆ, ಏಳರಲ್ಲಿ ಮೊದಲಿನದಕ್ಕೆ ಮರಳುತ್ತದೆ, ಒಂಬತ್ತರಲ್ಲಿ ಮತ್ತೊಂದು. ನಮ್ಮವ್ವ ಜಪ ಎಣಿಸುವುದು ನಾಲ್ಕು ಬೆರಳುಗಳ ಹನ್ನೆರಡು ಗೆಣ್ಣುಗಳ ಮೇಲೆ. ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಮನೆಗೊಂದು ಗೆಣ್ಣಿನಂತೆ ಓಢಣಿಯ ಮರೆಯಲ್ಲಿ ಎಣಿಸಿ ಮೂರು ತಿಂಗಳು ಪಾಸಾದೆ.

ಆ ಭಾನುವಾರ ಓಢಣಿ ಜಾರಿತು.

"ಏನ್ರಿ ಮೇಡಂ, ಜಪ ನಡದೈತೇನು?" ಚಾಚಾ ಗಿಟಾರ್ ನಿಲ್ಲಿಸಿದರು. "ಕಿವಿಗೆ ರಜಾ ಕೊಟ್ಟು ಬೆರಳಿಗೆ ನೌಕರಿ ಹಚ್ಚೀರಲ್ಲ!"

ಓಢಣಿ ಎಳೆದುಕೊಂಡೆ. ನಿಜ ಹೇಳಿದೆ: ನನಗೆ ಎಲ್ಲವೂ ಒಂದೇ ಥರ ಕೇಳಿಸ್ತದ ಚಾಚಾ.

"ಹಂಗ ಕೇಳಸ್ತದ ಮತ್ತ. ಹುಟ್ಟಿದಾಗಿಂದ ಭಜನಿ ಕೇಳೀರಿ. ನಿಮ್ಮ ಕಿವ್ಯಾಗ ಸರಿಗಮದ ಸ ಅನ್ನೋದು ಗೂಟಕ್ಕ ಕಟ್ಟಿದ ಎಮ್ಮಿ. ಇಲ್ಲೆ ಆ ಎಮ್ಮಿ ಹೊರಗ ಅಡ್ಡಾಡಿ ಮನಿಗೆ ಬರತೈತಿ. ಮ್ಯಾಲಿನ ರಾಗ ಬಿಡ್ರಿ, ಕೆಳಗ ದಪ್ಪ ತಂತಿ ಎತ್ತ ಹೊಂಟೈತಿ ನೋಡ್ರಿ." ಆಮೇಲೆ ನಗದೆ ಹೇಳಿದರು: "ಇವತ್ತೂ ಕೇಳಸಲಿಲ್ಲಂದ್ರ ಗಿಟಾರ್ ಬ್ಯಾಡ. ಹಾರ್ಮೋನಿಯಂ ಕಲೀರಿ, ಚೊಲೊ ಬಂದೀತು."

ಅಷ್ಟರಲ್ಲಿ ಚಾಚಾರ ಹೆಂಡತಿ, ಚಾಚಿ, ಎರಡು ಗ್ಲಾಸು ಚಹಾ ತಂದರು. ಚಾಚಾ ಎರಡೂ ಗ್ಲಾಸು ನನ್ನ ಎರಡು ಕೈಗೆ ಕೊಟ್ಟುಬಿಟ್ಟರು. ಅಂಚಿನವರೆಗೆ ತುಂಬಿದ್ದವು.

"ಈಗ ಎಣಸ್ರಿ ನೋಡೋಣು!"

"ಹುಡುಗಿ ಕೈ ಸುಟ್ಟೀತು, ಹುಚ್ಚ ಹಿಡದೈತೇನ್ ನಿಮಗ?" ಎಂದರು ಚಾಚಿ. ಆದರೆ ನೋಡಲು ಅಲ್ಲೇ ಕೂತರು.

ಗಿಟಾರ್ ಶುರುವಾಯಿತು. ಹೆಬ್ಬೆರಳು ಗ್ಲಾಸಿಗೆ ಅಂಟಿಕೊಂಡು ಚಡಪಡಿಸಿತು. ಮೂರೋ ನಾಲ್ಕೋ ಸುತ್ತು ಸುಮ್ಮನೆ ಕೂತೆ. ಚಾಚಾ ನಿಲ್ಲಿಸಲಿಲ್ಲ, ನನ್ನನ್ನು ನೋಡಲೂ ಇಲ್ಲ. ದಪ್ಪ ತಂತಿಯ ದನಿಯನ್ನಷ್ಟೇ ಕಿವಿಯಲ್ಲಿ ಹಿಡಿದು ಕೂತಿದ್ದವಳಿಗೆ, ಹೊಸ ಸುತ್ತು ಶುರುವಾಗುತ್ತಿದ್ದಂತೆಯೇ ಕಾಲಕೆಳಗಿನ ಹಲಗೆಯನ್ನು ಯಾರೋ ಮೆಲ್ಲಗೆ ಸರಿಸಿದ ಹಾಗಾಯಿತು.

"ಹ್ಞಾಂ!" ಎಂದೆ, ತಡೆಯುವ ಮೊದಲೇ. ತಕ್ಷಣ ನಾಲಿಗೆ ಕಚ್ಚಿಕೊಂಡೆ. ಇನ್ನೂ ಎರಡನೆಯ ಮನೆ. ಅಲ್ಲಿ ಬದಲಾಗುವುದೇ ಇಲ್ಲ. ಮುಗಿಯಿತು, ಇನ್ನು ಹಾರ್ಮೋನಿಯಂ.

ಚಾಚಾ ಗಿಟಾರಿನ ಮೇಲೆ ಬಾಗಿ ನಗುತ್ತಿದ್ದರು. "ಬೇಕಂತನ ಅಲ್ಲೆ ಬದಲ ಮಾಡಿದ್ನಿ ಬೇಟಿ! ಬ್ಲೂಸಿನ್ಯಾಗ ಹಂಗೂ ಒಂದ್ ಚಾಲ್ ಐತಿ. ಬೆರಳು ಎಣಿಸಿದ್ರ ಸಿಗತಿದ್ದಿಲ್ಲ ಅದು!"

ನಾನು ನಕ್ಕೆ. ಜೋರಾಗಿ, ಭುಜ ಕುಣಿಯುವಂತೆ. ನನ್ನದು ಅಂಥ ನಗುವೇ ಅಲ್ಲ. ಚಹಾ ಕುರ್ತಾದ ಮೇಲೆ, ಚಾಪೆಯ ಮೇಲೆ, ಒಂದಿಷ್ಟು ಚಾಚಾರ ಕಾಲ ಮೇಲೆ. "ಇನ್ನೊಂದ್ಸಲ" ಎಂದೆ. ಐದರಲ್ಲಿ ಹ್ಞಾಂ, ಏಳರಲ್ಲಿ ಹ್ಞಾಂ, ಒಂಬತ್ತರಲ್ಲಿ ಚಾಚಿಯೂ ಸೇರಿ ಹ್ಞಾಂ.

ಮರುದಿನ ಬೆಳಿಗ್ಗೆ ಶಿಗ್ಗಾಂವಿ ಬಸ್ಸಿನಲ್ಲಿ ಇಯರ್‌ಫೋನಿನಲ್ಲಿ ಬ್ಲೂಸ್ ಹಾಕಿಕೊಂಡು, ಎರಡೂ ಕೈಯಿಂದ ಮುಂದಿನ ಸೀಟಿನ ಸರಳು ಹಿಡಿದು ಕೂತೆ. ಬದಲಾವಣೆ ಬಂದಿತು, ನನ್ನ ಬಾಯಿಂದ ಹ್ಞಾಂ ಕೂಡ ಬಂದಿತು, ಇಡೀ ಬಸ್ಸಿಗೆ ಕೇಳುವಂತೆ.

ಕಂಡಕ್ಟರ್ ಸೀಟಿ ಊದಿದರು. "ಇಲ್ಲೇ ಇಳಿತೀರೇನ್ರಿ? ಮೊದಲ ಹೇಳಬಾರದೇನ್ರಿ ಮೇಡಂ!"

ವಿವರಿಸುವುದಕ್ಕಿಂತ ಇಳಿಯುವುದು ಸುಲಭವಾಗಿತ್ತು. ಗೋವಿನಜೋಳದ ಹೊಲಗಳ ನಡುವೆ ಇಳಿದು ಕಾಲೇಜಿನ ಕಡೆ ನಡೆದೆ. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಮುಂದಿನ ಬದಲಾವಣೆಗೆ ಇನ್ನೂ ಜೋರಾಗಿ ಹ್ಞಾಂ ಎಂದೆ.