ಕುದುರೆಗೆ ಬ್ರೇಕ್ ಹಾಕಿದ ಕಾರು ಮೇಷ್ಟ್ರು

ನಾನು ಬ್ರೇಕ್ ಒತ್ತಿದೆ, ಕುದುರೆ ಓಡತೊಡಗಿತು. ಭದ್ರಾವತಿಯಲ್ಲಿ ಹದಿನೆಂಟು ವರ್ಷದಿಂದ ಕಾರು ಕಲಿಸುತ್ತಿರುವ ನನಗೆ ಗಾಬರಿಯಾದರೆ ಕಾಲು ತಾನಾಗಿಯೇ ಒತ್ತಿಬಿಡುತ್ತದೆ. ಕುದುರೆಯ ಪಕ್ಕೆಗೆ ಹಾಗೆ ಒತ್ತಿದರೆ ‘ಓಡು’ ಎಂದರ್ಥವಂತೆ!

ಸೋಗಾನೆ ಹತ್ತಿರ ಕುದುರೆ ಸವಾರಿಗೆಂದು ಹೋಗಿದ್ದ ನಮ್ಮನ್ನೆಲ್ಲ ಅಲ್ಲಿ ಸವಾರಿ ಕಲಿಸುವ ಯುವತಿ ಅಭ್ಯಾಸವಿದ್ದವರು, ಹೊಸಬರು ಎಂದು ಎರಡು ಗುಂಪು ಮಾಡಿದ್ದಳು. ಹೆಂಡತಿ ಮಕ್ಕಳೆದುರು ಹೊಸಬನಾಗಲು ಮನಸ್ಸಾಗದೆ ನಾನು ಮೊದಲ ಗುಂಪಿಗೆ ನುಗ್ಗಿದ್ದೆ. ಈಗ ಆ ಯುವತಿಯೇ ತನ್ನ ಕುದುರೆಯನ್ನು ಅಡ್ಡ ತಂದು, ನನ್ನ ಕುದುರೆಯ ಲಗಾಮು ಹಿಡಿದು ನಿಲ್ಲಿಸಿದಳು.

“ಗುರುತು ಸಿಗ್ಲಿಲ್ವಾ ಸರ್? ನಾನು ಕಾರು ಕಲಿತಿದ್ದು ನಿಮ್ಮ ಹತ್ರಾನೇ. ಕೈ ನಡುಗೋದು ನಿಲ್ಲೋವರೆಗೂ ಮೈದಾನ ಬಿಟ್ಟು ರೋಡಿಗೆ ಬಿಡ್ಲಿಲ್ಲ ನೀವು. ಈಗ ಇಳೀರಿ, ಅಜ್ಜಿ ಕುದುರೆ ಕೊಡ್ತೀನಿ” ಎಂದಳು.

ಆ ಅಜ್ಜಿ ಕುದುರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಹುಲ್ಲು ಮೇಯುತ್ತಾ, ನನ್ನನ್ನು ಎಲ್ಲರಿಗಿಂತ ಹಿಂದೆ ಹೊತ್ತು ತಂದಿತು.

ಮರುದಿನ ಕಾರು ಕಲಿಯಲು ಬಂದ ಹೆಂಗಸೊಬ್ಬರು ಗಾಬರಿಯಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದರು. ಬೈಯಲೆಂದು ತೆರೆದ ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು: “ಇರ್ಲಿ ಬಿಡಿ ಅಮ್ಮಾ, ನಿನ್ನೆ ನಾನೂ ಅದನ್ನೇ ಒತ್ತಿದೆ.”