‘ರೈಟ್’ ಅನ್ನುವವರೆಗೂ ನಿಲ್ಲುವ ಬಸ್ಸು

ಬೆಳಗಿನ ಆರಕ್ಕೆ ಇನ್ನೂ ಹದಿನೈದು ನಿಮಿಷವಿದೆ. ಸಿಂಧನೂರು ನಿಲ್ದಾಣದಲ್ಲಿ ಚಹಾದಂಗಡಿಯ ಸ್ಟೋವ್ ಆಗಷ್ಟೇ ಹೊತ್ತಿಕೊಂಡಿದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಟಿಕೆಟ್ ಯಂತ್ರಕ್ಕೆ ಹೊಸ ಸುರುಳಿ ಹಾಕುತ್ತಲೇ ಕಂಡಕ್ಟರ್ ಪದ್ಮಾವತಿ ಕೂಗುತ್ತಾರೆ: “ಬಳಗಾನೂರ, ಮಸ್ಕಿ, ಲಿಂಗಸುಗೂರ! ಬರ್ರಿ ಬರ್ರಿ!”

ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದ ಅಂಬಪ್ಪನವರ ಮಗಳು ಈಕೆ. ಹನ್ನೊಂದು ವರ್ಷದ ನೌಕರಿ. ದಿನಕ್ಕೆ ನಾಲ್ಕು ಟ್ರಿಪ್, ನಾನೂರರ ಆಸುಪಾಸು ಟಿಕೆಟ್. ನಿಂತೂ ನಿಂತೂ ಸಂಜೆಗೆ ಹಿಮ್ಮಡಿಗಳು ಊದಿಕೊಳ್ಳುತ್ತವೆ. ಮಂಗಳವಾರ ಮಾತ್ರ ಯಾರು ಕೇಳಿದರೂ ಡ್ಯೂಟಿ ಬದಲಿಸಿಕೊಳ್ಳುವುದಿಲ್ಲ. ಅವತ್ತು ಬಳಗಾನೂರಿನಲ್ಲಿ ಶೇಖರಮ್ಮ ಮಗಳನ್ನು ಕರೆದುಕೊಂಡು ಹತ್ತುತ್ತಾರೆ.

ಶೇಖರಮ್ಮ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸು. ಮಗಳು ರಾಜಶ್ರೀಗೆ ಹತ್ತು ವರ್ಷ. ಕೂತಲ್ಲಿ ಕೂರಲಾಗದ, ಒಂದರ ಮೇಲೆ ಗಮನ ನಿಲ್ಲದ ಅವಳ ಸ್ಥಿತಿಗೆ ವೈದ್ಯರು ಎಡಿಎಚ್‌ಡಿ ಎಂದಿದ್ದಾರೆ. ವಾರಕ್ಕೊಮ್ಮೆ ಲಿಂಗಸುಗೂರಿನ ಆಪ್ತಸಮಾಲೋಚಕಿಯ ಬಳಿ ಹೋಗಬೇಕು. ಮೊದಮೊದಲು ಹುಡುಗಿ ಸೀಟಿನಿಂದ ಸೀಟಿಗೆ ಜಿಗಿಯುವುದನ್ನು ಕಂಡು ಪದ್ಮಾವತಿಯೂ ರೇಗಿದ್ದುಂಟು. “‘ಹುಡುಗಿಗೆ ಒಂದೀಟು ಬುದ್ಧಿ ಹೇಳಾಕ ಬರಂಗಿಲ್ಲೇನ್ರಿ’ ಅಂತ ಅವರವ್ವಗ ಅಂದಿದ್ದೆ. ನೆನಸಿಕೊಂಡ್ರ ಈಗೂ ನಾಚಿಕಿ ಆಗತೈತಿ,” ಎನ್ನುತ್ತಾರೆ.

ಕಳೆದ ವರ್ಷ ಮಸ್ಕಿಯಲ್ಲಿ ಅದು ನಡೆಯಿತು. ತಾಯಿಗೆ ಜೊಂಪು ಹತ್ತಿತ್ತು. ಬಳೆಯಂಗಡಿಯ ಬಣ್ಣ ಕಂಡು ರಾಜಶ್ರೀ ಇಳಿದೇಬಿಟ್ಟಳು. ಪದ್ಮಾವತಿ ಸೀಟಿ ಊದಿದರು, ಬಸ್ಸು ಹೊರಟಿತು. ಊರು ದಾಟಿದ ಮೇಲೆ ಶೇಖರಮ್ಮ ಚೀರಿದರು. ಡ್ರೈವರ್ ರಹಿಮಾನ್ ಬಸ್ಸು ಹಿಂದಕ್ಕೆ ತಿರುಗಿಸಿದಾಗ ಹುಡುಗಿ ನಿಲ್ದಾಣದ ಕಂಬ ತಬ್ಬಿಕೊಂಡು ನಿಂತಿದ್ದಳು. ಲಂಗ ಒದ್ದೆಯಾಗಿತ್ತು.

“ಹಿಂದ ತಿರುಗಿ ನೋಡಲಾರದ ಸೀಟಿ ಹೊಡೆದಾಕಿ ನಾನ. ತಪ್ಪು ನಂದರಿ.”

ಆಮೇಲೆ ಹೆದರಿಕೆ ಒಂದೊಂದಾಗಿ ಬಂದು ಸೇರಿಕೊಂಡವು. ಬಸ್ಸೆಂದರೆ ಭಯ, ಬಾಗಿಲು ಮುಚ್ಚಿದರೆ ಭಯ, ಅವ್ವ ಕಣ್ಮರೆಯಾದರೆ ಭಯ. ಶಾಲೆ ನಿಂತಿತು, ಲಿಂಗಸುಗೂರಿನ ದಾರಿಯೂ ನಿಂತಿತು. ಎರಡು ಮಂಗಳವಾರ ಅವರು ಕಾಣದಿದ್ದಾಗ ಪದ್ಮಾವತಿ ತಾವೇ ಆಪ್ತಸಮಾಲೋಚಕಿಯನ್ನು ಹುಡುಕಿಕೊಂಡು ಹೋದರು. ಅವರು ಹೇಳಿದ್ದಿಷ್ಟು: ಬೈದು, ಎಳೆದು ತಂದರೆ ಭಯ ಹೆಚ್ಚುತ್ತದೆ, ಸಣ್ಣ ಸಣ್ಣ ಹೆಜ್ಜೆ ಇಡಿಸಿ, ಪ್ರತಿ ಹೆಜ್ಜೆಯನ್ನೂ ಅವಳೇ ಇಡಲಿ.

ಮುಂದಿನ ವಾರ ರಜೆಯ ದಿನ ಪದ್ಮಾವತಿ ಬಳಗಾನೂರಿಗೆ ಹೋಗಿ ಶೇಖರಮ್ಮನ ಮನೆ ಕೇಳಿದರು. “ನಿನ್ನ ಬಿಟ್ಟು ಹೋಗಿದ್ದೆ, ತಪ್ಪಾತವ್ವ,” ಎಂದು ಹುಡುಗಿಯ ಎದುರು ಕೂತು ಹೇಳಿದರು. “ಇನ್ನ ಮ್ಯಾಲ ನೀ ‘ರೈಟ್’ ಅನ್ನೋತನಕ ನನ್ನ ಬಸ್ಸು ಹೋಗಂಗಿಲ್ಲ.”

ಮೊದಲ ಮಂಗಳವಾರ ರಾಜಶ್ರೀ ಒಂದು ಮೆಟ್ಟಿಲು ಹತ್ತಿ ಇಳಿದಳು, ಅಷ್ಟೇ. ಮರುವಾರ ಒಂದು ನಿಮಿಷ ಕೂತಳು. ಐದನೇ ವಾರ ಬಳಗಾನೂರು ದಾಟಿದಳು. ಮಸ್ಕಿ ಬಂದಾಗ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದುಕೊಂಡಳು, ‘ರೈಟ್’ ಮಾತ್ರ ಅನ್ನಲಿಲ್ಲ. ಬಸ್ಸು ತುಂಬಿತ್ತು. “ಏನ್ರಿ ಬಾಯಾರ, ಒಂದು ಹುಡುಗಿ ಸಲುವಾಗಿ ಎಲ್ಲಾರೂ ಕಾಯಬೇಕೇನು? ನನಗ ಕೋರ್ಟಿನ ತಾರೀಖ ಐತಿ!” ಎಂದು ಒಬ್ಬರು ಜಗಳಕ್ಕೇ ನಿಂತರು.

ಪದ್ಮಾವತಿ ಸೀಟಿ ಮುಟ್ಟಲಿಲ್ಲ. ರಹಿಮಾನ್ ಎಂಜಿನ್ ಆರಿಸಿದರು. ಹುಡುಗಿಯ ಪಕ್ಕ ಕೂತು, “ಕಿಟಕ್ಯಾಗ ಏನೇನು ಕಾಣಾಕತ್ತೈತಿ, ಹೇಳು,” ಎಂದರು ಪದ್ಮಾವತಿ. ರಾಜಶ್ರೀ ಒಂದೊಂದೇ ಹೇಳಿದಳು: ಬಾಳೆಹಣ್ಣಿನ ಗಾಡಿ, ಕರಿ ನಾಯಿ, ಹಳದಿ ಬಳೆ. ಎಂಟು ನಿಮಿಷ ಹಿಡಿಯಿತು. ಆಮೇಲೆ ತೀರ ಸಣ್ಣ ದನಿಯಲ್ಲಿ ಅಂದಳು: “ರೈಟ್.”

ಈಗ ಅವಳು ಮತ್ತೆ ಶಾಲೆಗೆ ಹೋಗುತ್ತಾಳೆ. ಚಡಪಡಿಕೆ ಹೋಗಿಲ್ಲ, ಗುಡುಗಿಗೆ ಇನ್ನೂ ಕಿವಿ ಮುಚ್ಚಿಕೊಳ್ಳುತ್ತಾಳೆ. “ಎಲ್ಲಾರೂ ಆಕೀನ ಸುಮ್ಮ ಕುಂದ್ರಸಾಕ ನೋಡತಿದ್ರು. ಆಕಿ ಸಲುವಾಗಿ ಕಾದಾಕಿ ಈ ಅಕ್ಕ ಒಬ್ಬಾಕಿನ. ಈ ಋಣ ಹ್ಯಾಂಗ ತೀರಸಲಿ?” ಎನ್ನುತ್ತಾ ಶೇಖರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಪದ್ಮಾವತಿ ಆ ಮಾತು ಒಪ್ಪುವುದಿಲ್ಲ. “ನನ್ನ ಬಸ್ಸಿಗೆ ಆಕಿ ಮತ್ತ ಹತ್ತಿದ್ಲಲ್ರಿ, ನಾನ ಆಕಿಗೆ ಶರಣು ಅನ್ನಬೇಕು.”

ಬರುವ ಜೂನಿನಿಂದ ರಾಜಶ್ರೀ ಮಸ್ಕಿಯ ಶಾಲೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವ ಆಸೆ ಇಟ್ಟುಕೊಂಡಿದ್ದಾಳೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಪದ್ಮಾವತಿ ನಗುತ್ತಾ ಚೀಲ ಹೆಗಲಿಗೇರಿಸುತ್ತಾರೆ.

“ಆಕಿ ಒಬ್ಬಾಕಿನ ಬಸ್ ಹತ್ತೋ ದಿನ ನಂದು ವಾರದ ರಜಾ ಇರಬಾರದು ನೋಡ್ರಿ. ಅಷ್ಟ ಸಾಕು.”